ಮೊದಲ ಗುಟುಕು

ಸಿಂಚನಳ ಹೊಟ್ಟೆಯ ಮೇಲಿದ್ದ ಯಂತ್ರ ಮೂರು ವರ್ಷದಿಂದ ತಾನೊಂದು ಹಾಲಿನ ಮಿಷನ್ನು ಎಂದು ಸುಳ್ಳು ಹೇಳಿಕೊಂಡು ಬದುಕಿತ್ತು.

ಸುಳ್ಳು ಹೇಳಿಸಿದವಳು ಹೆತ್ತ ತಾಯಿ ಜಲಜಾಕ್ಷಿ. ದಾರಿ ತೋರಿಸಿದವನು ಉಮಾಪತಿ. ಅದರಲ್ಲಿ ಪಾಪವೇನೂ ಇಲ್ಲ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಮೊದಲು ಸುಳ್ಳು ಹೇಳಿದ್ದು ತಾವಲ್ಲವಲ್ಲ.

ಆ ಯಂತ್ರದ ಹುಟ್ಟೇ ಹಾಲಿನದು. ಹಳ್ಳಿಯ ಡೈರಿಗೆ ಹಾಲು ಹಾಕಲು ಹೋದವರೆಲ್ಲ ನೋಡಿರುತ್ತಾರೆ. ಒಂದಿಷ್ಟು ಹಾಲನ್ನು ಮಿಷನ್ನು ಹೀರಿಕೊಳ್ಳುತ್ತದೆ, ಒಳಗೊಂದು ಬೆಳಕು ಆ ಹಾಲನ್ನು ಹಾಯ್ದು ಹೋಗುತ್ತದೆ, ಜಿಡ್ಡೆಷ್ಟು ನೀರೆಷ್ಟು ಎಂದು ಪರದೆಯ ಮೇಲೆ ಮೂಡುತ್ತದೆ. ಆ ಮಿಷನ್ನು ಮಾಡುತ್ತಿದ್ದ ಕಂಪನಿಗೆ ಒಂದು ದಿನ ಹೊಳೆಯಿತು: ಹಾಲನ್ನು ಓದುವ ಕಣ್ಣು ನೆತ್ತರನ್ನೇಕೆ ಓದಬಾರದು? ಕಣ್ಣನ್ನು ಅಕ್ಕಿಕಾಳಿನಷ್ಟು ಚಿಕ್ಕದು ಮಾಡಿ ಹೊಟ್ಟೆಯ ಚರ್ಮದಡಿ ಕೂರಿಸಿದರು. ಮೇಲೆ ಬೆಂಕಿಪೊಟ್ಟಣದಷ್ಟು ಪಂಪು, ಪಂಪಿಗೆ ಇನ್ಸುಲಿನ್ ತುಂಬಿದ ಡಬ್ಬಿ. ಕಣ್ಣು ಸಕ್ಕರೆಯನ್ನು ಓದುತ್ತದೆ, ಪಂಪು ಬೇಕಾದಷ್ಟೇ ಇನ್ಸುಲಿನ್ ಕೊಡುತ್ತದೆ. ಹುಟ್ಟಿದ ಕೆಲವೇ ವರ್ಷಕ್ಕೆ ಸಕ್ಕರೆ ಕಾಯಿಲೆ ಬಂದ ಮಕ್ಕಳಿಗೆ ಅದು ಒಳಗಿನ ಅಂಗದಂತೆಯೇ ಆಯಿತು. ಹೆಸರು ‘ಮಧುಮಿತ್ರ’. ಡೈರಿಯ ಮಿಷನ್ನಿಗೂ ಮಧುಮಿತ್ರಕ್ಕೂ ಬುದ್ಧಿ ಕೊಡುವ ತಂತ್ರಾಂಶ ಒಂದೇ. ಅದಕ್ಕೆ ‘ಧಾತು’ ಎಂದು ಕರೆದಿದ್ದರು.

ಸಿಂಚನಳಿಗೆ ಅದನ್ನು ಕೂರಿಸಿದಾಗ ಆರು ವರ್ಷ. ಆಸ್ಪತ್ರೆಯ ಗೋಡೆಯ ಮೇಲೆ ನಗುವ ಮಗುವಿನ ಚಿತ್ರದ ಕೆಳಗೆ ‘ಜೀವಮಾನವಿಡೀ ನಿಮ್ಮ ಜೊತೆ’ ಎಂದು ಬರೆದಿತ್ತು. ಹುಡುಗಿ ಹತ್ತು ದಾಟುವಷ್ಟರಲ್ಲಿ ಒಂದು ಸಂದೇಶ ಬಂತು. ಮನುಷ್ಯರ ಮೈಮೇಲಿನ ಹಳೆಯ ಯಂತ್ರಗಳಿಗೆ ಇನ್ನು ಮುಂದೆ ಧಾತುವಿನ ಅಪ್‌ಡೇಟ್ ಬರುವುದಿಲ್ಲ, ಹೊಸ ಮಾದರಿ ಕೊಂಡುಕೊಳ್ಳಿ. ಜಲಜಾಕ್ಷಿ ಫೋನು ಮಾಡಿ ಕೂಗಾಡಿದಳು. ಅತ್ತ ಕಡೆಯ ದನಿ ಜೇನಿನಂತಿತ್ತು. “ಜೀವಮಾನ ಅಂದ್ರೆ ಉತ್ಪನ್ನದ ಜೀವಮಾನ ಮೇಡಂ. ನಿಮ್ಮ ಮಗುವಿಂದಲ್ಲ.”

ಅಪ್‌ಡೇಟ್ ಇಲ್ಲದಿದ್ದರೆ ಏನು ಮುಳುಗುತ್ತದೆ ಎಂದು ಕೇಳಬಹುದು. ಮುಳುಗುತ್ತದೆ. ಒಂದು ಮಳೆಗಾಲ ಕಳೆಯುವಷ್ಟು ಹೊತ್ತು ಹೊಸ ಅಪ್‌ಡೇಟ್ ಬರದಿದ್ದರೆ ಧಾತು ತನ್ನ ಮೇಲೇ ಅನುಮಾನಪಟ್ಟು ಪಂಪಿಗೆ ಬೀಗ ಹಾಕಿಕೊಳ್ಳುತ್ತಿತ್ತು. ಕೆಟ್ಟವರ ಕೈಗೆ ಸಿಕ್ಕಿ ಮಗುವಿಗೆ ವಿಷವಾಗದಿರಲಿ ಎಂದು ಹಾಗೆ ಮಾಡಿದ್ದರಂತೆ. ಹೊಸ ಮಾದರಿಯ ಬೆಲೆ ಕೈಗೆಟುಕುವಂತಿರಲಿಲ್ಲ. ಸೂಜಿಗೆ ಹಿಂದಿರುಗೋಣವೆಂದರೆ ಸೀಸೆಯ ಇನ್ಸುಲಿನ್ನೇ ಅಪರೂಪವಾಗಿತ್ತು. ಅಂಗಡಿಗೆ ಬರುತ್ತಿದ್ದುದೆಲ್ಲ ಪಂಪಿಗಷ್ಟೇ ಹೊಂದುವ, ಬಾಯಿ ಮುಚ್ಚಿದ ಡಬ್ಬಿ.

ಆಗ ಉಮಾಪತಿ ಬಂದ. ಹಾಲು ಒಕ್ಕೂಟದಲ್ಲಿ ಮಿಷನ್ ರಿಪೇರಿಯವನು. ಜಲಜಾಕ್ಷಿ ಕೆಲಸ ಮಾಡುತ್ತಿದ್ದ ದೇವೀಪುರದ ಶೀತಲೀಕರಣ ಕೇಂದ್ರಕ್ಕೆ ವಾರಕ್ಕೊಮ್ಮೆ ಬರುತ್ತಿದ್ದ. ಅವನ ಮಗ ಕುಶಾಲನ ಹೊಟ್ಟೆಯ ಮೇಲೂ ಅದೇ ಮಧುಮಿತ್ರ.

“ಜಲಜಮ್ಮ, ಡೈರಿ ಮಿಷನ್ನಿಗೆ ಅಪ್‌ಡೇಟ್ ನಿಂತಿಲ್ಲ. ಒಕ್ಕೂಟದ ಕರಾರು ಇನ್ನೂ ಐತೆ,” ಎಂದ. “ನಮ್ ಮಕ್ಳ ಯಂತ್ರದ ಹತ್ರ, ನೀನ್ ಯಾರು ಅಂತ ಕಂಪನಿ ಕೇಳ್ತದೆ. ಕೇಳ್ದಾಗ ನಾನು ಹಾಲಿನ ಮಿಷನ್ನು ಅಂದ್ಬುಡ್ಲಿ. ಅಷ್ಟೇಯ.”

ಅಷ್ಟೇ ಆಗಿರಲಿಲ್ಲ. ಹಾಲು ಅಳೆದಾದ ಮೇಲೆ ಮಿಷನ್ನನ್ನು ತೊಳೆಯಬೇಕು. ಗುಂಡಿ ಒತ್ತಿದರೆ ಪಂಪು ಕೊಳವೆಯಲ್ಲಿರುವುದನ್ನೆಲ್ಲ ಒಂದೇ ಸಮ ತಳ್ಳಿ ಖಾಲಿ ಮಾಡುತ್ತದೆ. ಡೈರಿಯಲ್ಲಿ ಹಾಗೆ ಹೊರಬರುವುದು ಬಿಸಿನೀರು. ಮಗುವಿನ ಹೊಟ್ಟೆಯ ಮೇಲಾದರೆ ದಿನಗಟ್ಟಲೆಯ ಇನ್ಸುಲಿನ್ನು ಒಂದೇ ಸಲಕ್ಕೆ ಮೈಗೆ ಇಳಿಯುತ್ತದೆ. ಆಮೇಲೆ ಮಗು ಇರುವುದಿಲ್ಲ. ಆದ್ದರಿಂದ ಪ್ರತಿ ಅಪ್‌ಡೇಟಿನಿಂದಲೂ ಆ ತೊಳೆಯುವ ಆಜ್ಞೆಯನ್ನು ಹುಡುಕಿ ಕತ್ತರಿಸಿ ತೆಗೆಯಬೇಕಿತ್ತು. ಆ ಕೆಲಸ ಬರುತ್ತಿದ್ದುದು ಉಮಾಪತಿಗೊಬ್ಬನಿಗೆ. ಜಲಜಾಕ್ಷಿ ಕೇಂದ್ರದ ನಿಗಾ ಕೋಣೆಯಲ್ಲಿ ಡೈರಿ ಮಿಷನ್ನಿಗೆ ಬಂದ ಅಪ್‌ಡೇಟ್ ಹಿಡಿದು ಕೊಡುವಳು, ಅವನು ಮುಳ್ಳು ತೆಗೆದು ವಾಪಸು ಕೊಡುವನು.

ಸುತ್ತಲಿನ ತಾಲೂಕುಗಳಿಂದ ಅಂಥದೇ ಮಕ್ಕಳ ಅಪ್ಪ ಅಮ್ಮಂದಿರು ಮೊದಲ ಸಲ ಕೇಂದ್ರದ ಹಿಂದಿನ ಶೆಡ್ಡಿನಲ್ಲಿ ಸೇರಿದಾಗ ಯಾರೂ ಮುಂದೆ ಬರಲಿಲ್ಲ. “ಒಂದು ಹೋಗಿ ಇನ್ನೊಂದಾದ್ರೆ ಯಾರಪ್ಪ ಜವಾಬ್ದಾರಿ?” ಎಂದು ಹಿಂದಿನಿಂದ ಒಬ್ಬರು ಕೇಳಿದರು. ಉಮಾಪತಿ ಖಾಲಿ ಹಾಲಿನ ಕ್ಯಾನಿನ ಮೇಲೆ ಕೈಯಿಟ್ಟು, “ಅಡುಗೆ ಮಾಡ್ದೋನು ಮೊದ್ಲು ರುಚಿ ನೋಡ್ಬೇಕಲ್ವಾ? ಮೊದಲ ಗುಟುಕು ನಮ್ಮನೇದು. ನನ್ ಮಗ ಕುಡಿದು ಅರಗಿಸ್ಕೊಂಡ ಮೇಲೆ ನಿಮ್ ಮಕ್ಳು,” ಎಂದ.

ಆ ಒಂದು ಮಾತಿನ ಮೇಲೆ ಎಲ್ಲ ನಿಂತಿತ್ತು. ಅಪ್‌ಡೇಟ್ ಬಂದ ದಿನ, ಸಂಜೆ ಹಾಲಿನ ಹೊತ್ತಿಗೆ ಅವನು ಕುಶಾಲನಿಗೆ ಹಾಕುವನು. ಬೆಳಗಿನ ಹಾಲಿನ ಹೊತ್ತಿಗೆ ಜಲಜಾಕ್ಷಿಗೆ ಸಂದೇಶ ಬರುವುದು: ‘ಗುಟುಕು ಇಳೀತು.’ ಆಗ ಅವಳು ಸಿಂಚನಳಿಗೆ ಹಾಕುವಳು. ಸಂಜೆ ಉಳಿದ ಮನೆಗಳಿಗೆ ಹೋಗುವುದು. ಗುಟುಕಿನ ಸಂಜೆ ಜಲಜಾಕ್ಷಿಯ ಅತ್ತೆ ನಿಂಗಮ್ಮ ಕುಶಾಲನ ಹೆಸರಿನಲ್ಲಿ ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಿದ್ದಳು. “ನಮ್ ಕೂಸಿಗಿಂತ ಮುಂಚೆ ತಲೆ ಕೊಡೋ ಕೂಸು ಕಣವ್ವ ಅದು. ತಣ್ಣಗಿರ್ಲಿ,” ಎನ್ನುತ್ತಿದ್ದಳು. ಜಲಜಾಕ್ಷಿ ಆ ಮನೆಗೆ ವರ್ಷಕ್ಕೊಮ್ಮೆ ಅವರೆಕಾಳು ಕಳಿಸುವಳು, ಹಬ್ಬಕ್ಕೆ ಕುಶಾಲನಿಗೊಂದು ಅಂಗಿ ಹೊಲಿಸುವಳು. ಋಣ ಅಂದರೆ ಋಣವೇ.

*

ಆ ದಿನ ಬೆಳಿಗ್ಗೆಯೂ ಸಂದೇಶ ಬಂದಿತ್ತು. ಅಡುಗೆಮನೆಯಲ್ಲಿ ನಿಂತುಕೊಂಡೇ ಜಲಜಾಕ್ಷಿ ಮಗಳ ಹೊಟ್ಟೆಯ ಮೇಲಿನ ಪಂಪಿಗೆ ಫೋನು ಮುಟ್ಟಿಸಿದಳು.

“ಬೇಗ ಅಮ್ಮ, ಗಣಿತದ ಟೆಸ್ಟ್ ಇದೆ,” ಎಂದಳು ಸಿಂಚನ, ಅಂಗಿ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಇಡ್ಲಿ ಹಿಡಿದು. “ಹಸು ಆಗಿದ್ರೆ ಇಷ್ಟೊತ್ತಿಗೆ ಹಾಲು ಕರೆದು ಮುಗಿದಿರೋದು.”

“ಬಾಯಿ ಮುಚ್ಚು, ಇಡ್ಲಿ ಎರಡೇ.”

“ಗೊತ್ತು. ನನ್ ಸಕ್ಕರೆ ನಿನ್ ಮಾತಿಗಿಂತ ನೆಟ್ಟಗಿದೆ.”

ಅದು ನಿಜ. ಅಳೆದು ತಿನ್ನುವ, ಹೇಳಿದ ಹೊತ್ತಿಗೆ ನಡೆಯುವ ಹುಡುಗಿ. ಅವಳ ಸಕ್ಕರೆಯ ಗೆರೆ ಪರದೆಯ ಮೇಲೆ ಕೆರೆಯ ನೀರಿನಂತೆ ಸಮನಾಗಿರುತ್ತಿತ್ತು. ಡಾಕ್ಟರು ಬೇರೆ ಮಕ್ಕಳಿಗೆ ಅದನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು.

ಕೇಂದ್ರದಲ್ಲಿ ಬೆಳಗಿನ ಹಾಲು ಇಳಿಯುವ ಗದ್ದಲ ಮುಗಿದಿತ್ತು. ನಿಗಾ ಕೋಣೆಯ ಪರದೆಯ ಮೇಲೆ ಒಂದೊಂದು ಹಳ್ಳಿಯ ಮಿಷನ್ನಿಗೆ ಒಂದೊಂದು ಹಸಿರು ಚುಕ್ಕೆ. ಕೆಲವು ಚುಕ್ಕೆಗಳು ನೀಲಿಗೆ ತಿರುಗುತ್ತಿದ್ದವು. ನೀಲಿಯೆಂದರೆ ತೊಳೆಯುತ್ತಿದೆ ಎಂದರ್ಥ. ಇವತ್ತು ಯಾಕೋ ಬಹಳ ಹಳ್ಳಿಗಳಿಗೆ ಶುದ್ಧಿಯ ಆಸೆ ಬಂದಿದೆ ಎಂದುಕೊಳ್ಳುತ್ತಿರುವಾಗಲೇ ಫೋನು ಬಂತು. ಹೊನ್ನೇನಹಳ್ಳಿ ಡೈರಿಯ ಸೆಕ್ರೆಟರಿ ಬೋರಲಿಂಗು.

“ಏನವ್ವ ಜಲಜವ್ವ, ನಿಮ್ ಮಿಷನ್ನೇನು ಮಡಿ ಕಲ್ತಿದ್ದಾ?”

“ಏನಾಯ್ತು ಬೋರಲಿಂಗಣ್ಣ?”

“ಏನಾಯ್ತಾ? ಹಾಲಾಕೋರೆಲ್ಲ ವೋದ್ರು. ನಾನು ಕಾಪಿ ಕುಡೀತಾ ಕುಂತಿದ್ದೆ. ಯಾರೂ ಮುಟ್ಟಿಲ್ಲ, ತಟ್ಟಿಲ್ಲ, ಬುಸ್ ಅಂತ ತನ್ನಷ್ಟಕ್ ತಾನೇ ತೊಳ್ಕೊಂಡ್ಬುಡ್ತು! ನಾನೇ ವಾರಕ್ಕೊಂದು ದಪ ಅದರ ಮಕ ತೊಳಿಯೋನು.”

“ಅದಕ್ಕೇ ಇರ್ಬೇಕು ನೋಡಿ. ನೀವು ತೊಳಿಯಲ್ಲ ಅಂತ ಅದೇ ತೊಳ್ಕೊಳ್ಳೋಕೆ ಕಲ್ತಿದೆ,” ಎಂದು ಜಲಜಾಕ್ಷಿ ನಕ್ಕಳು.

ನಗು ಅರ್ಧಕ್ಕೆ ನಿಂತಿತು.

ಫೋನನ್ನು ಹಾಗೆಯೇ ಮೇಜಿನ ಮೇಲಿಟ್ಟು ಹೊಸ ಅಪ್‌ಡೇಟಿನ ವಿವರ ತೆರೆದಳು. ಪ್ರತಿಸಲ ಉಮಾಪತಿಯೇ ಓದುತ್ತಿದ್ದ, ಅವಳು ಕಣ್ಣಾಡಿಸಿಯೂ ಇರಲಿಲ್ಲ. ಸೆಕ್ರೆಟರಿಗಳು ಮಿಷನ್ನು ತೊಳೆಯುವುದಿಲ್ಲ, ಗುಂಡಿಯನ್ನೇ ಮುಟ್ಟುವುದಿಲ್ಲ ಎಂದು ಒಕ್ಕೂಟದವರು ದೂರಿದ್ದರಂತೆ. ಅದಕ್ಕೆ ಕಂಪನಿ ಹೊಸ ಬುದ್ಧಿಯೊಂದನ್ನು ಸೇರಿಸಿತ್ತು. ಒಂದೇ ಅಳತೆ ಬಹಳ ಹೊತ್ತು ಬದಲಾಗದೆ ನಿಂತರೆ, ಕೊಳವೆಯಲ್ಲಿ ಹಳೆಯ ಹಾಲು ನಿಂತಿದೆ ಎಂದು ತಿಳಿದು ಮಿಷನ್ನು ತಾನೇ ತೊಳೆದುಕೊಳ್ಳಬೇಕು.

ಉಮಾಪತಿ ಕತ್ತರಿಸಿದ್ದು ಗುಂಡಿಯ ಆಜ್ಞೆ. ಇದು ಬೇರೆ ಬಾಗಿಲು.

ಒಂದೇ ಅಳತೆ. ಬದಲಾಗದೆ. ಕೆರೆಯ ನೀರಿನಂಥ ಗೆರೆ. ಕದಲದೆ ಕೂತು ಗಣಿತ ಬರೆಯುವ ಹುಡುಗಿ.

ಶಾಲೆಗೆ ಫೋನು ಹೋಯಿತು. “ಟೀಚರ್, ಸಿಂಚನ ಹೊಟ್ಟೆ ಮೇಲಿರೋ ಡಬ್ಬಿ ಕಿತ್ತಾಕಿ. ಈಗ್ಲೇ.”

“ಟೆಸ್ಟ್ ನಡೀತಿದೆಯಮ್ಮ, ಇನ್ನೊಂದು...”

“ಟೆಸ್ಟ್ ಹಾಳಾಗ್ಲಿ, ಕೀಳ್ರೀ!”

*

ಅವಳು ಸ್ಕೂಟರಿನಲ್ಲಿ ಹೋಗುವಷ್ಟರಲ್ಲಿ ಹುಡುಗಿಯನ್ನು ಶಾಲೆಯ ಪಕ್ಕದ ಸರ್ಕಾರಿ ಆಸ್ಪತ್ರೆಗೆ ತಂದಿದ್ದರು. ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಗಲ್ಲದ ಮೇಲೆಲ್ಲ ಸಕ್ಕರೆ. ಕೈಗೆ ಗ್ಲೂಕೋಸು ಏರುತ್ತಿತ್ತು. ಗಣಿತದ ಟೀಚರ್ ಸೆರಗಿನ ತುದಿಯಲ್ಲಿ ಡಬ್ಬಿಯನ್ನು ಹಾವಿನ ಮರಿಯಂತೆ ಹಿಡಿದುಕೊಂಡು ನಿಂತಿದ್ದರು.

“ನಾನು ಹೋದಾಗ ಟಿಕ್ ಟಿಕ್ ಅಂತಿತ್ತು ಕಣ್ರೀ. ಇವಳು ಪೆನ್ನು ಬಿಟ್ಟು ಬೆಂಚಿನ ಮೇಲೆ ತಲೆಯಿಟ್ಟಿದ್ದಳು. ನಿದ್ದೆ ಬಂತೇನೋ ಅಂತ ಬೈಯೋಳಿದ್ದೆ.”

ಡಬ್ಬಿಯಲ್ಲಿ ಕಾಲುಭಾಗ ಖಾಲಿಯಾಗಿತ್ತು. “ಪೂರ್ತಿ ಹೋಗಿದ್ದಿದ್ರೆ ನನ್ನ ಕೈಲಿ ಇರ್ತಿರಲಿಲ್ಲ,” ಎಂದು ಡಾಕ್ಟರು ಹೇಳಿ ಇನ್ನೊಂದು ಬಾಟಲಿ ತರಿಸಿದರು. ನಿಂಗಮ್ಮ ಬಂದು ಮೊಮ್ಮಗಳ ಕಾಲು ಹಿಡಿದು ಕೂತಳು. ಹಾಲಿನ ಟ್ಯಾಂಕರು ಓಡಿಸುತ್ತಿದ್ದ ಗಂಡ ಎಲ್ಲೋ ಹೆದ್ದಾರಿಯ ಮೇಲಿದ್ದ. ಅವನಿಗೆ ಏನು ಹೇಳುವುದೆಂದು ತೋಚದೆ ಜಲಜಾಕ್ಷಿ ಫೋನು ಹಿಡಿದು ನಿಂತಿದ್ದಾಗ ಸಿಂಚನ ಕಣ್ಣು ಬಿಟ್ಟಳು. ನಾಲಿಗೆ ತೊದಲುತ್ತಿತ್ತು.

“ಅಮ್ಮ... ಕುಶಾಲ್?”

ಜಲಜಾಕ್ಷಿಗೆ ಆಗಷ್ಟೇ ಹೊಳೆಯಿತು. ಕುಶಾಲ! ಅವನಿಗೆ ನಿನ್ನೆ ಸಂಜೆಯೇ ಹಾಕಿದ್ದಾಗಿದೆ. ಪಿಯುಸಿ ಪರೀಕ್ಷೆಗೆ ರಜೆ ಕೊಟ್ಟಿದ್ದಾರೆ, ಹುಡುಗ ಮನೆಯಲ್ಲಿ ಒಬ್ಬನೇ ಕೂತು ಓದುತ್ತಿರುತ್ತಾನೆ, ಕದಲದೆ. ಉಮಾಪತಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. “ಹೋಗವ್ವ, ಹೋಗು, ನಾನಿವ್ನಿ,” ಎಂದು ನಿಂಗಮ್ಮ ತಳ್ಳಿದಳು.

ಎರಡು ಬೀದಿ ಆಚೆಯ ಮನೆ. ಬಾಗಿಲು ಬಡಿದ ಏಟಿಗೆ ಪಕ್ಕದ ಮನೆಯವರು ಹೊರಬಂದರು. ಕುಶಾಲ ಬನಿಯನ್ನಿನಲ್ಲಿ ಬಾಗಿಲು ತೆಗೆದ. ಬಾಯಲ್ಲಿ ಹಲಸಿನ ತೊಳೆ, ಕೈಯಲ್ಲಿ ಇನ್ನೊಂದು.

“ಡಬ್ಬಿ ಕೀಳು! ಕೀಳೋ ಮಗನೇ, ಡಬ್ಬಿ ಕೀಳು!” ಎನ್ನುತ್ತ ಜಲಜಾಕ್ಷಿ ತಾನೇ ಅವನ ಬನಿಯನ್ನು ಎತ್ತಿದಳು.

ಹೊಟ್ಟೆ ಬರಿದಾಗಿತ್ತು. ಹೊಕ್ಕುಳ ಪಕ್ಕದಲ್ಲಿ ಒಂದು ಹಳೆಯ ಗಾಯದ ಕಲೆ, ಮಾಗಿ ಬೆಳ್ಳಗಾಗಿತ್ತು.

“ಆಂಟಿ, ನಂದು ಇಲ್ಲಿದೆ,” ಎಂದು ಹುಡುಗ ಗಾಬರಿಯಿಂದ ತೋಳು ತೋರಿಸಿದ. ರಟ್ಟೆಯ ಮೇಲೆ ನಾಣ್ಯದಷ್ಟು ತೆಳ್ಳಗಿನ ಬಿಳಿಯ ಯಂತ್ರ. ಕಂಪನಿಯ ಹೊಸ ಮಾದರಿ. “ಹೋದ ವರ್ಷ ಗೌರಿ ಹಬ್ಬದ ಹೊತ್ತಿಗೇ ಹಾಕಿಸಿದ್ರಲ್ಲ. ಅಮ್ಮಂಗೆ ಬ್ಯಾಂಕಲ್ಲಿ ಕೆಲಸ ಪರ್ಮನೆಂಟ್ ಆಯ್ತಲ್ಲ ಆಂಟಿ, ಅವರ ವಿಮೇಲಿ ಕೊಟ್ರು. ನಿಮಗೆ ಗೊತ್ತಿರಲಿಲ್ವಾ? ಹೇಳಿದೀನಿ ಅಂದಿದ್ರು ಅಪ್ಪ.”

ಜಲಜಾಕ್ಷಿ ಅವನ ಬನಿಯನ್ನನ್ನು ಇನ್ನೂ ಹಿಡಿದುಕೊಂಡೇ ಇದ್ದಳು. ಬೆರಳು ಬಿಡಿಸಿಕೊಳ್ಳಲು ಮರೆತುಹೋಗಿತ್ತು. ಹೋದ ಗೌರಿ ಹಬ್ಬಕ್ಕೆ ಈ ಹುಡುಗನಿಗೆ ನೀಲಿ ಚೌಕಳಿಯ ಅಂಗಿ ಹೊಲಿಸಿದ್ದಳು. ತುಂಬುತೋಳಿನದು ಬೇಕೆಂದು ಉಮಾಪತಿಯೇ ಹೇಳಿ ಕಳಿಸಿದ್ದ.

ಅಷ್ಟರಲ್ಲಿ ಬೈಕು ಬಂದು ನಿಂತ ಸದ್ದಾಯಿತು. ಉಮಾಪತಿ ಸ್ಟ್ಯಾಂಡು ಕೂಡ ಹಾಕದೆ ಬೈಕನ್ನು ಗೋಡೆಗೊರಗಿಸಿ ಓಡಿಬಂದ. ಯಾವುದೋ ಹಳ್ಳಿಯ ಡೈರಿಯಲ್ಲಿ ತಾನೇ ತೊಳೆದುಕೊಂಡ ಮಿಷನ್ನನ್ನು ಕಣ್ಣಾರೆ ನೋಡಿ ಬಂದಿದ್ದ. ತೋಳೆಲ್ಲ ಹಾಲಿನ ಕಲೆ.

“ಜಲಜಮ್ಮ! ಸಿಂಚನ? ಸಿಂಚನ ಹೆಂಗವ್ಳೆ?”

ತನ್ನ ಮಗನ ಕಡೆ ಅವನು ತಿರುಗಿಯೂ ನೋಡಲಿಲ್ಲ. ನಿನ್ನೆ ಸಂಜೆ ಮೊದಲ ಗುಟುಕು ಕುಡಿಸಿದೆನೆಂದಿದ್ದ ಮಗ, ಎದುರಿಗೆ ಹಲಸಿನ ಹಣ್ಣು ಹಿಡಿದು ನಿಂತಿದ್ದ. ಜಲಜಾಕ್ಷಿ ಕೇಳಬೇಕಾದ್ದೇನೂ ಉಳಿಯಲಿಲ್ಲ. ಆದರೂ ಕೇಳಿದಳು.

“ಗುಟುಕು ಇಳೀತು ಅಂತ ಕಳಿಸಿದ್ರಲ್ಲ ಅಣ್ಣ. ಯಾರ ಗಂಟಲಲ್ಲಿ ಇಳೀತು?”

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. “ಮೊದ್ಲು ಹೇಳು ತಾಯಿ, ಮಗು...”

“ಬದುಕವ್ಳೆ. ನಿಮ್ಮ ದೆಸೆಯಿಂದಲ್ಲ, ಹೊನ್ನೇನಹಳ್ಳಿ ಬೋರಲಿಂಗಣ್ಣನ ಸೋಮಾರಿತನದ ದೆಸೆಯಿಂದ.”

“ಮೇಜಿನ ಮೇಲೆ ಇಟ್ಟು ನೋಡ್ದೆ ಜಲಜಮ್ಮ. ಸಕ್ಕರೆ ನೀರು ಬಿಟ್ಟು ನೋಡ್ದೆ. ಸರಿಯಾಗೇ ಇತ್ತು.”

“ಎಷ್ಟೊತ್ತು ನೋಡಿದ್ರಿ?”

ಉಮಾಪತಿ ತೋಳಿನ ಮೇಲಿನ ಹಾಲಿನ ಕಲೆ ಉಜ್ಜಿಕೊಂಡ.

“ಮೊದ್ಲೆಲ್ಲ ಒಂದೊಂದು ಸಾಲು ಬಿಡಿಸಿ ಬಿಡಿಸಿ ನೋಡ್ತಿದ್ರಿ. ಕಣ್ಣು ಕೆಂಪಗೆ ಮಾಡ್ಕೊಂಡು ಕೇಂದ್ರಕ್ಕೆ ಬರ್ತಿದ್ರಿ, ನಾನು ಕಾಫಿ ಮಾಡಿ ಕೊಡ್ತಿದ್ದೆ. ಕುಶಾಲನ ಮೈಮೇಲೆ ಹಳೇದೇ ಇದ್ದಿದ್ರೆ ಈ ಸಲವೂ ಹಂಗೇ ನೋಡ್ತಿದ್ರಿ ಅಲ್ವಾ?”

ಕುಶಾಲ ಅಪ್ಪನ ಮುಖ ನೋಡಿದ, ಅವಳ ಮುಖ ನೋಡಿದ. ಕೈಯಲ್ಲಿದ್ದ ತೊಳೆಯನ್ನು ಎಲ್ಲಿಡುವುದೆಂದು ತಿಳಿಯದೆ ಒಳಗೆ ಹೋದ.

“ಹೇಳ್ಬೇಕು ಅಂತಲೇ ಇದ್ದೆ,” ಎಂದ ಉಮಾಪತಿ, ನೆಲ ನೋಡುತ್ತ. “ಹೇಳಿದ್ರೆ ಯಾರು ಹಾಕ್ಕೊತಿದ್ರು? ಉಮಾಪತಿ ಮಗನಿಗೆ ಹೊಸದು, ನಮ್ ಮಕ್ಳಿಗೆ ಕಳ್ಳ ಗುಟುಕು ಅಂತ ಎಲ್ರೂ ಬಿಟ್ಬುಡೋರು. ಎಲ್ಲಾ ಪಂಪಿಗೂ ಬೀಗ ಬೀಳೋದು. ಅಷ್ಟೊಂದು ಮಕ್ಳು ಜಲಜಮ್ಮ. ಒಂದು ಸುಳ್ಳಲ್ಲಿ ಅಷ್ಟೊಂದು ಮಕ್ಳು ಉಳ್ಕೊಂಡ್ವು.”

“ಎಲ್ರಿಗೂ ಬೇಡ. ನಂಗೊಬ್ಬಳಿಗೆ ಹೇಳ್ಬೋದಿತ್ತು.”

“ನೀವು ಬೇಡ ಅಂದಿದ್ರೆ?”

“ಬೇಡ ಅನ್ನೋದು ನನ್ನದಲ್ವೇನಣ್ಣ? ಹೆತ್ತೋಳು ನಾನು. ಅದನ್ನೂ ನೀವೇ ಇಟ್ಕೊಂಡ್ಬಿಟ್ರಾ?”

ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಗೇಟಿನವರೆಗೆ ಹೋದವಳು ತಿರುಗಿ, “ನಿಮ್ಮ ಮನೆಯವರಿಗೆ ಗೊತ್ತಾ?” ಎಂದಳು. ಅವನು ಹೌದೆಂದು ತಲೆಯಾಡಿಸಿದ. ಅಂದರೆ ಅವರೆಕಾಳಿನ ಸೊಗಡನ್ನು ಹೊಗಳುತ್ತ ಕಾಳಿನ ಪಾತ್ರೆ ವಾಪಸು ಕೊಟ್ಟವಳಿಗೂ ಗೊತ್ತಿತ್ತು.

*

ನಿಂಗಮ್ಮ ಮೊದಲು ನಂಬಲಿಲ್ಲ. ನಂಬಿದ ಮೇಲೆ ಬೈಯಲಿಲ್ಲ. ದೇವರ ಗೂಡಿನ ಮುಂದೆ ಕೂತು ದೀಪದ ಹಣತೆಯನ್ನು ಬಟ್ಟೆಯಿಂದ ಒರೆಸಿದಳು, ಮತ್ತೆ ಒರೆಸಿದಳು. “ನಮ್ ಕೂಸಿಗೆ ಹಚ್ಬೇಕಾದ ದೀಪನ ಅವರ್ ಕೂಸಿಗೆ ಹಚ್ಚಿದ್ನಲ್ಲವ್ವ. ದೇವ್ರಾದ್ರೂ ನಗ್ಲಿಲ್ವಾ?” ಎಂದಳು.

ಸಿಂಚನಳಿಗೆ ಹೇಳುವುದೇ ಕಷ್ಟವಾಗಿತ್ತು. ಆಸ್ಪತ್ರೆಯಿಂದ ಬಂದು ಗೋಡೆಗೊರಗಿ ಕೂತಿದ್ದವಳು ಎಲ್ಲವನ್ನೂ ಕೇಳಿ ಬೆರಳು ಮಡಿಚಿ ಲೆಕ್ಕ ಹಾಕಿದಳು. ಹೋದ ಗೌರಿ ಹಬ್ಬದಿಂದ ಈಚೆಗೆ ಬಂದ ಗುಟುಕುಗಳ ಲೆಕ್ಕ.

“ಅಂದ್ರೆ ಇಷ್ಟು ದಿನ ಸ್ಯಾಂಪಲ್ ಬಾಟ್ಲಿ ನಾನೇ,” ಎಂದು ನಕ್ಕಳು. ಆಮೇಲೆ ಆ ಕಡೆ ಮುಖ ತಿರುಗಿಸಿ, “ಉಮಾಪತಿ ಮಾಮ ಬಂದಾಗೆಲ್ಲ ನನ್ನನ್ನೇ ಮೊದ್ಲು ಮಾತಾಡಿಸ್ತಿದ್ರು. ಚೆನ್ನಾಗಿದೀಯಾ ಪುಟ್ಟ, ಸುಸ್ತಿಲ್ವಾ ಪುಟ್ಟ ಅಂತ. ಪ್ರೀತಿ ಅಂದ್ಕೊಂಡಿದ್ದೆ,” ಎಂದಳು.

ಜಲಜಾಕ್ಷಿ ಫೋನಿನಲ್ಲಿದ್ದ ಅಪ್ಪ ಅಮ್ಮಂದಿರ ಗುಂಪಿನಲ್ಲಿ ಎಲ್ಲ ಮನೆಗಳಿಗೂ ತಿಳಿಸಿದಳು. ಈ ಅಪ್‌ಡೇಟ್ ಹಾಕಬೇಡಿ, ಹೀಗೆ ಹೀಗಾಯಿತು, ಮೊದಲ ಗುಟುಕು ಹೋದ ಗೌರಿ ಹಬ್ಬದಿಂದ ಅವರ ಮನೆಯದಾಗಿರಲಿಲ್ಲ, ನನ್ನ ಮಗಳದಾಗಿತ್ತು, ನನಗೂ ಗೊತ್ತಿರಲಿಲ್ಲ. ಗುಂಪಿನಲ್ಲಿ ಉಮಾಪತಿಗೆ ಬಿದ್ದ ಬೈಗುಳವನ್ನು ಬರೆಯುವಂತಿಲ್ಲ. ಆದರೆ ಅವಳಿಗೂ ಬಿತ್ತು. “ಗೊತ್ತಿಲ್ಲದೆ ನೆಮ್ಮದಿಯಾಗಿದ್ವಲ್ಲ ತಾಯಿ, ಯಾಕೆ ಹೇಳಿದ್ರಿ?” ಎಂದೊಬ್ಬ ಅಪ್ಪ ಬರೆದ. “ನಮ್ ಪಂಪಿಗೆ ಈ ತಿಂಗಳು ಕಳೆದ್ರೆ ಬೀಗ ಬೀಳ್ತದೆ. ಈಗ ಏನ್ ಮಾಡಾನ?” ಎಂದು ಇನ್ನೊಬ್ಬಳು. ಕೊನೆಗೆ ಯಾರೋ ಕೇಳಿದರು: “ಇನ್ಮೇಲೆ ಮೊದಲ ಗುಟುಕು ಯಾರ ಮನೇದು?”

ಅದಾದ ಮೇಲೆ ಗುಂಪಿನಲ್ಲಿ ಯಾರೂ ಒಂದಕ್ಷರ ಬರೆಯಲಿಲ್ಲ. ಜಲಜಾಕ್ಷಿ ಊಟಕ್ಕೆ ಬಡಿಸುತ್ತ ನೋಡಿದಳು, ಪಾತ್ರೆ ತೊಳೆದು ಬಂದು ನೋಡಿದಳು. ಎಲ್ಲರೂ ಓದಿದ್ದರು.

ಜಿಲ್ಲಾ ಆಸ್ಪತ್ರೆಯಲ್ಲಿ ಕೈಕಾಲು ಹಿಡಿದು ತಂದ ಇನ್ಸುಲಿನ್ ಸೀಸೆ ದಿನದಿನಕ್ಕೆ ಇಳಿಯುತ್ತಿತ್ತು. ಧಾತು ಮುಂದಕ್ಕಲ್ಲದೆ ಹಿಂದಕ್ಕೆ ನಡೆಯುವುದಿಲ್ಲ, ಹಳೆಯದಕ್ಕೆ ಮರಳುವಂತಿಲ್ಲ. ಆ ಎರಡನೆಯ ಬಾಗಿಲನ್ನು ಮುಚ್ಚಬಲ್ಲ ಕೈ ಇಡೀ ಸೀಮೆಗೆ ಒಂದೇ. ಆ ಕೈಯನ್ನು ನಂಬಲೇಬೇಕು, ಅದೇ ಮೈಯ ಬಾಯನ್ನು ಇನ್ನು ನಂಬುವಂತಿಲ್ಲ. ಅವಳು 'ಬನ್ನಿ' ಎಂದು ಬರೆಯಲಿಲ್ಲ, ಬೇಡವೆಂದೂ ಬರೆಯಲಿಲ್ಲ. ಸೀಸೆ ತಳ ಕಾಣುವಾಗ ಉಮಾಪತಿ ತಾನೇ ಬಂದು ಗೇಟಿನ ಹೊರಗೆ ನಿಂತ. ಕ್ಷೌರ ಮಾಡಿಕೊಂಡಿರಲಿಲ್ಲ. ಕಣ್ಣು ಕೆಂಪಗಿತ್ತು, ಮೊದಲಿನ ಹಾಗೆ.

“ಒಂದೊಂದು ಸಾಲೂ ಬಿಡಿಸಿವ್ನಿ ಜಲಜಮ್ಮ. ತೊಳಿಯೋ ಆಜ್ಞೆ ಎರಡೂ ತೆಗ್ದಿವ್ನಿ. ಮೂರನೇದು ಇಲ್ಲ.”

“ಇಲ್ಲ ಅಂತ ಯಾರು ಹೇಳ್ತಾರೆ?”

ಒಳಗಿಂದ ಸಿಂಚನ ಬಂದಳು.

“ನಾನ್ ಹೇಳ್ತೀನಿ. ಮೊದಲ ಗುಟುಕು ನಂದೇ,” ಎಂದಳು. ಜಲಜಾಕ್ಷಿ ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು: “ಬೇರೆ ಯಾರಮ್ಮ ಇದಾರೆ? ಇಷ್ಟು ದಿನ ಕೇಳದೆ ಕುಡಿಸಿದ್ರು. ಈ ಸಲ ನಾನೇ ಹೇಳಿ ಕುಡೀತೀನಿ. ಆದ್ರೆ ಮಾಮ ಮನೆಗೆ ಹೋಗೋ ಹಾಗಿಲ್ಲ. ಬೆಳಗಿನ ಹಾಲಿಂದ ಸಂಜೆ ಹಾಲಿನ ತನಕ ನನ್ನ ಮುಂದೆ ಕೂತಿರ್ಬೇಕು.”

*

ಭಾನುವಾರ ಬಂದ. ಜಗುಲಿಯ ಮೇಲೆ ಚಾಪೆ ಹಾಸಿತ್ತು. ಸಿಂಚನ ಗೋಡೆಗೊರಗಿ ಕೂತಳು, ಅವನು ಎದುರಿಗೆ. ನಡುವೆ ನಿಂಗಮ್ಮನ ಹಳೆಯ ಅಳಗುಳಿ ಮಣೆ. ಜಲಜಾಕ್ಷಿ ಪಂಪಿಗೆ ಫೋನು ಮುಟ್ಟಿಸಿ, ಸಕ್ಕರೆ ನೀರಿನ ಚೊಂಬನ್ನು ಕೈಗೆಟುಕುವಂತೆ ಇಟ್ಟು, ಹೊಸ್ತಿಲ ಒಳಗೆ ಕೂತಳು.

“ಕೈ ಇಲ್ಲಿಡಿ,” ಎಂದಳು ಜಲಜಾಕ್ಷಿ ಉಮಾಪತಿಗೆ, ಮಗಳ ಡಬ್ಬಿಯನ್ನು ತೋರಿಸಿ. “ಸದ್ದಾದ್ರೆ ಕೀಳ್ಬೇಕಾದ್ದು ನಿಮ್ಮ ಕೈ.”

ಅವನ ಎಡಗೈ ಹುಡುಗಿಯ ಅಂಗಿಯಂಚಿನ ಡಬ್ಬಿಯ ಮೇಲೆ, ಬಲಗೈ ಹುಣಸೆಬೀಜದ ಮೇಲೆ. ಆಟ ನಿಧಾನವಾಗಿ ನಡೆಯಿತು. ಗೆದ್ದೇ ಬಿಡುವ ಉತ್ಸಾಹವೂ ಸಕ್ಕರೆಯನ್ನು ಅಲ್ಲಾಡಿಸೀತು. ಈ ದಿನ ಅಲ್ಲಾಡಬಾರದು. ಗೆರೆ ಸಮನಾಗಬೇಕು, ಸಮನಾಗಿಯೇ ನಿಲ್ಲಬೇಕು. ಹಳೆಯ ಹಾಲೆಂದು ಯಂತ್ರ ಮೋಸಹೋಗುವ ಹೊತ್ತು ಬರಬೇಕು.

“ಮಾಮ, ಮೋಸ ಮಾಡ್ತಿದೀರಾ. ಆ ಗುಳೀಲಿ ನಾಲ್ಕಿತ್ತು.”

“ಇಲ್ಲ ಪುಟ್ಟ, ಮೂರೇ...” ಎಂದವನು ಎಣಿಸಿ ನೋಡಿದ. ನಾಲ್ಕೇ ಇತ್ತು. ಕಿವಿಯ ತುದಿ ಕೆಂಪಾಯಿತು.

“ಅಭ್ಯಾಸ ಆಗೋಗದೆ,” ಎಂದಳು ನಿಂಗಮ್ಮ ಒಳಗಿನಿಂದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗೆರೆ ಕೆರೆಯ ನೀರಾಯಿತು. ಬೀಜಗಳು ಗುಳಿಯಲ್ಲಿಯೇ ನಿಂತವು. ಪಂಪಿನೊಳಗೆ ಟಿಕ್ ಎಂದು ಒಂದು ಸದ್ದಾಯಿತು. ಉಮಾಪತಿಯ ಬೆರಳು ಡಬ್ಬಿಯ ಸುತ್ತ ಬಿಗಿಯಿತು. ಅವನ ಹಣೆಯಿಂದ ಬೆವರು ಹನಿದು ಮಣೆಯ ಮೇಲೆ ಬಿತ್ತು. ಅವನ ತುಟಿ ಏನನ್ನೋ ಬೇಡಿಕೊಳ್ಳುತ್ತಿತ್ತು. ಕುಶಾಲನಿಗೆ ಗುಟುಕು ಹಾಕುತ್ತಿದ್ದ ಕಾಲದಲ್ಲಿ ಹೀಗೆಯೇ ಬೇಡಿಕೊಂಡಿದ್ದನೇ ಎಂದು ಜಲಜಾಕ್ಷಿ ನೋಡಿದಳು. ಹೌದು, ಹೀಗೆಯೇ ಇದ್ದಿರಬೇಕು. ಅವನ ಮಾತು ಒಂದು ಕಾಲದಲ್ಲಿ ನಿಜವಾಗಿದ್ದುದೇ ಅವಳಿಗೆ ಹೆಚ್ಚು ಉರಿಯಿತು.

ಇನ್ನೊಂದು ಟಿಕ್ ಬರಲಿಲ್ಲ. ಅದು ದಿನವೂ ಕೊಡುವ ಹನಿಯ ಸದ್ದಷ್ಟೇ. ಸಂಜೆಯವರೆಗೆ ಗೆರೆ ಹಾಗೆಯೇ ನಿಂತಿತು. ಪಂಪು ಮೋಸಹೋಗಲಿಲ್ಲ. ಕೇಂದ್ರದ ಕಡೆಯಿಂದ ಸಂಜೆ ಹಾಲಿನ ಗಾಡಿಗಳ ಹಾರನ್ನು ಕೇಳಿಸಿತು.

ಗುಂಪಿಗೆ ಬರೆದವಳು ಸಿಂಚನ: ‘ಗುಟುಕು ಇಳೀತು. ಕುಡಿದದ್ದು ನಾನು, ಸಿಂಚನ. ಅಮ್ಮನ ಎದುರಿಗೆ.’

ಉಮಾಪತಿ ಕೈ ತೆಗೆದ. ಬೆರಳುಗಳು ಮರಗಟ್ಟಿದ್ದವು, ನೀವಿಕೊಂಡ. ಬೆಳಿಗ್ಗೆ ಸಿಂಚನಳೇ ತಂದಿಟ್ಟಿದ್ದ ಮಜ್ಜಿಗೆ ಲೋಟದಲ್ಲಿ ಹಾಗೆಯೇ ಉಳಿದಿತ್ತು, ಮೇಲೆ ನೊಣ ಬಿದ್ದಿತ್ತು. ಎದ್ದು ಚಪ್ಪಲಿ ಮೆಟ್ಟಿದ.

“ಬರ್ತೀನಿ ಜಲಜಮ್ಮ.”

ಆ ಮನೆಯಿಂದ ಸಾಲಗಾರನೂ ಜಗಳವಾಡಿದವನೂ ‘ಹೋಗಿ ಬನ್ನಿ’ ಅನ್ನಿಸಿಕೊಳ್ಳದೆ ಹೋದದ್ದಿಲ್ಲ. ಬರಿದೇ ‘ಹೋಗಿ’ ಅಂದರೆ ಹೆಣಕ್ಕೆ ಹೇಳಿದಂತೆ ಎಂದು ನಿಂಗಮ್ಮ ಸೊಸೆಯನ್ನು ಬಂದ ಹೊಸದರಲ್ಲೇ ತಿದ್ದಿದ್ದಳು. ಉಮಾಪತಿ ಗೇಟಿನ ಚಿಲಕ ಹಿಡಿದು ಕಾದ. ಜಲಜಾಕ್ಷಿ ಅತ್ತೆಯ ಮುಖ ನೋಡಿದಳು. ಅತ್ತೆ ಅಳಗುಳಿ ಮಣೆಯ ಬೀಜಗಳನ್ನು ಆಯ್ದು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು, ತಲೆ ಎತ್ತಲಿಲ್ಲ.

ಮುಂದಿನ ಅಪ್‌ಡೇಟ್ ಬಂದಾಗ ಇದೇ ಮನುಷ್ಯನನ್ನು ಕರೆಯಬೇಕು. ಇದೇ ಚಾಪೆ, ಇದೇ ಕೈ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಹೋಗಿ,” ಎಂದಳು ಜಲಜಾಕ್ಷಿ. “ಬೇಕಾದಾಗ ಕರೀತೀನಿ.”